ಐರ್ಲೆಂಡಿನ ಹಳೇ ಹಳ್ಳಿ ಮನೆಗಳನ್ನು ಹೇಗೆ ಕಟ್ಟುತ್ತಿದ್ದರು? (ಮೇಯೋದಲ್ಲಿ ಒಂದು ಮನೆ ನೋಡಿದ್ದೇವೆ, ಸಲಹೆ ಬೇಕು)

ಮೇಯೋ ಮಳೆ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗಂಡ ಇಬ್ಬರೂ ಪಶ್ಚಿಮ ಐರ್ಲೆಂಡಿನ ಮೇಯೋ ಕೌಂಟಿಯ (ಜಿಲ್ಲೆಯ) ಕ್ಯಾಸಲ್‌ಬಾರ್‌ನಲ್ಲಿ ಕೆಲಸಕ್ಕಿದ್ದೇವೆ. ಊರಾಚೆ ಹಳ್ಳಿ ಕಡೆ ಒಂದು ಹಳೇ ಕಲ್ಲಿನ ಮನೆ ಮಾರಾಟಕ್ಕಿದೆ, ನೋಡಿ ಬಂದೆವು. ಮೂರು ಕೋಣೆ, ಒಂದೇ ಸಾಲಿನಲ್ಲಿ. ಮೇಲೆ ಕೆಂಪು ಬಣ್ಣ ಬಳಿದ ತಗಡು. ಕಿಟಕಿ ಚಿಕ್ಕದು, ಆದರೆ ಕಿಟಕಿ ಕಟ್ಟೆ ಮೇಲೆ ಕೊಡ ಇಟ್ಟರೂ ಜಾಗ ಉಳಿಯುತ್ತದೆ, ಗೋಡೆ ಅಷ್ಟು ದಪ್ಪ. ಹೊರಗೆ ಯಾವಾಗಲೋ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದಾರೆ. ಒಳಗೆ ನೆಲದಿಂದ ಮೊಣಕಾಲಿನವರೆಗೆ ಪಸೆ, ಮೂಲೆಯಲ್ಲಿ ಬೂಷ್ಟು.

ಒಬ್ಬ ಕಂಟ್ರಾಕ್ಟರ್ ನೋಡಿ, ಪ್ಲಾಸ್ಟರ್ ಎಲ್ಲ ಕೆತ್ತಿ ಕಲ್ಲು ಕಾಣುವ ಹಾಗೆ ಬಿಡಿ, ಸಂದಿಗೆ ಸಿಮೆಂಟ್ ತುಂಬೋಣ, ಒಳಗೋಡೆಗೆ ಫೋಮ್ ಹಲಗೆ ಹೊಡೆಯೋಣ ಎಂದರು. ಇನ್ನೊಬ್ಬರು ಸುಮ್ನೆ ಕೆಡವಿ ಹೊಸದು ಕಟ್ಟಿ, ಅದೇ ಸುಲಭ ಎಂದರು. ನಮಗೆ ಆ ಮನೆ ತುಂಬಾ ಇಷ್ಟವಾಗಿದೆ. ಇಂಥ ಮನೆಯನ್ನು ಮೊದಲು ಹೇಗೆ ಕಟ್ಟಿದ್ದರು ಅಂತ ತಿಳಿಯದೆ ಒಂದು ಕಲ್ಲಿಗೂ ಕೈ ಹಾಕಲು ಮನಸ್ಸಿಲ್ಲ. ತಿಳಿದವರು ಹೇಳಿ.

ಸುಣ್ಣದ ಕೈ

ಮೊದಲ ಮಾತು: ಆ ಎರಡೂ ಸಲಹೆ ಬೇಡ. ನಾನು ಲಿಮರಿಕ್‌ನಲ್ಲಿ ಸಿವಿಲ್ ಕೆಲಸದಲ್ಲಿದ್ದೇನೆ, ಹಳೇ ಕಟ್ಟಡಗಳ ರಿಪೇರಿಯೇ ನನ್ನ ದಿನದ ಕೆಲಸ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಗೋಡೆ ಒಂದು ಗೋಡೆಯಲ್ಲ, ಎರಡು. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ಮಧ್ಯೆ ಚೂರುಕಲ್ಲು ಮತ್ತು ಮಣ್ಣು. ಅಲ್ಲಲ್ಲಿ ಒಂದು ಉದ್ದ ಕಲ್ಲನ್ನು ಅಡ್ಡಕ್ಕೆ ಇಟ್ಟು ಎರಡೂ ಸಾಲನ್ನು ಹಿಡಿಸಿರುತ್ತಾರೆ. ದಪ್ಪ ಎರಡು ಅಡಿಗೆ ಕಡಿಮೆ ಇರುವುದು ಅಪರೂಪ. ಕಲ್ಲು ಅದೇ ಹೊಲದ್ದು. ಉಳುವಾಗ ಸಿಕ್ಕಿದ್ದು, ಇಲ್ಲವೇ ಪಕ್ಕದಲ್ಲೇ ಒಡೆದದ್ದು. ಕಲ್ಲುಗಳ ನಡುವೆ ಹಾಕಿದ್ದು ಸುಣ್ಣದ ಗಾರೆ, ಬಡವರ ಮನೆಯಾದರೆ ಬರೀ ಕೆಸರುಮಣ್ಣು, ಅದರ ಮೇಲೆ ಮಾತ್ರ ಸುಣ್ಣ. ಪಾಯ ಅಂತ ನಾವು ಈಗ ಹೇಳುವಂಥದ್ದು ಇರುವುದಿಲ್ಲ. ಮೇಲ್ಮಣ್ಣು ತೆಗೆದು, ಗಟ್ಟಿ ನೆಲ ಸಿಕ್ಕಿದ ಕಡೆ ದೊಡ್ಡ ದೊಡ್ಡ ಗುಂಡು ಕೂರಿಸಿ ಅದರ ಮೇಲೆ ಗೋಡೆ ಎಬ್ಬಿಸಿಬಿಡುತ್ತಿದ್ದರು. ತೇವ ತಡೆಯಲು ಗೋಡೆಯ ಬುಡದಲ್ಲಿ ಯಾವ ಪದರವೂ ಇಲ್ಲ.

ಹಾಗಾದರೆ ನೀರು ಒಳಗೆ ಬರುವುದಿಲ್ಲವಾ? ಬರುತ್ತದೆ. ಮೇಯೋ ಮಳೆಗೆ ಯಾವ ಕಲ್ಲುಗೋಡೆಗೂ ನೀರು ಬರುತ್ತದೆ. ಆದರೆ ಬಂದ ನೀರು ಹೊರಗೆ ಹೋಗಲು ದಾರಿ ಇತ್ತು. ಸುಣ್ಣದ ಗಾರೆಗೆ ಸಣ್ಣ ಸಣ್ಣ ರಂಧ್ರ ಇರುತ್ತದೆ, ಗಾಳಿ ಬಿಸಿಲು ಬಂದಾಗ ತೇವ ಅದರ ಮೂಲಕ ಆರಿಹೋಗುತ್ತದೆ. ಒಳಗೆ ದಿನವಿಡೀ ಒಲೆ ಉರಿಯುತ್ತಿತ್ತು, ಚಿಮಣಿ ಕೋಣೆಯ ಗಾಳಿಯನ್ನು ಎಳೆಯುತ್ತಲೇ ಇತ್ತು. ಸುಣ್ಣ, ಬೆಂಕಿ, ಗಾಳಿ, ಈ ಮೂರೂ ಸೇರಿ ಗೋಡೆಯನ್ನು ಒಣಗಿಸುತ್ತಿದ್ದವು. ನಂತರ ಬಂದವರು ಏನು ಮಾಡಿದರು? ಹೊರಗೆ ಸಿಮೆಂಟ್ ಬಳಿದರು, ನೆಲಕ್ಕೆ ಕಾಂಕ್ರೀಟ್ ಹಾಕಿದರು, ಒಲೆ ಮುಚ್ಚಿದರು, ಕಿಟಕಿಗೆ ಪ್ಲಾಸ್ಟಿಕ್ ಚೌಕಟ್ಟು ಕೂರಿಸಿದರು. ಸಿಮೆಂಟ್‌ನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಸಾಕು, ಮಳೆನೀರು ಒಳಗೆ ನುಗ್ಗುತ್ತದೆ, ವಾಪಸ್ ಹೋಗಲು ದಾರಿ ಇಲ್ಲ. ಒದ್ದೆ ಬಟ್ಟೆ ಮೇಲೆ ರೇನ್‌ಕೋಟ್ ಹಾಕಿಕೊಂಡ ಹಾಗೆ. ನೆಲದ ತೇವವೂ ಅಷ್ಟೇ, ಕಾಂಕ್ರೀಟ್ ಹಾಕಿದ ಮೇಲೆ ಅದು ಪಕ್ಕಕ್ಕೆ ಸರಿದು ಗೋಡೆ ಹತ್ತುತ್ತದೆ. ನಿಮ್ಮ ಮೊಣಕಾಲು ಮಟ್ಟದ ಪಸೆ ಬಹುಪಾಲು ಇದೇ ಇರಬೇಕು. ಮನೆ ಹಳತಾಯಿತು ಅಂತ ಪಸೆ ಬಂದಿಲ್ಲ.

ಕಾರ್ಕ್ ಕನ್ನಡಿಗ

ಸಿಮೆಂಟ್ ವಿಷಯ ಒಪ್ಪಿದೆ. ಆದರೆ ಕಲ್ಲು ಕಾಣುವ ಹಾಗೆ ಬಿಟ್ಟರೆ ತಪ್ಪೇನು? ಇಲ್ಲಿ ಎಷ್ಟು ಪಬ್, ಎಷ್ಟು ರಜೆ ಕಾಟೇಜ್‌ಗಳು ಹಾಗೇ ಇವೆ, ನೋಡಲು ಎಷ್ಟು ಚೆಂದ. ಅದೇ ನಿಜವಾದ ಐರಿಷ್ ಮನೆ ಅಂತ ನಾನು ತಿಳಿದಿದ್ದೆ.

ಸುಣ್ಣದ ಕೈ

ಚೆಂದ ಇರಬಹುದು ಸರ್, ಆದರೆ ಕಟ್ಟಿದವರು ಅದನ್ನು ಹಾಗೆ ನೋಡಲು ಒಪ್ಪುತ್ತಿರಲಿಲ್ಲ. ಮನುಷ್ಯರು ಇರುವ ಮನೆಗೆ ಸುಣ್ಣ ಬಳಿಯದೆ ಬಿಡುತ್ತಿರಲಿಲ್ಲ. ಸುಣ್ಣ ಕಾಣದ ಬರೀ ಕಲ್ಲು ಅಂದರೆ ಕೊಟ್ಟಿಗೆ, ಇಲ್ಲವೇ ಪಾಳು ಮನೆ. ವರ್ಷಕ್ಕೊಮ್ಮೆ ಬೇಸಿಗೆ ಹತ್ತಿರ ಬಂದಾಗ, ಅಥವಾ ಪಾದ್ರಿ ಮನೆಗೇ ಬಂದು ಪೂಜೆ ಮಾಡುವ ಸರದಿ ತಮ್ಮದಾದಾಗ, ಹೊಸದಾಗಿ ಸುಣ್ಣ ಹೊಡೆಯುವುದು ಮನೆಯ ಮರ್ಯಾದೆಯ ಪ್ರಶ್ನೆ. ಹಳೇ ಮನೆಯ ಗೋಡೆಯಲ್ಲಿ ಒಂದು ಚಕ್ಕೆ ಎಬ್ಬಿಸಿ ನೋಡಿ, ಸುಣ್ಣದ ಪದರ ಪದರ ಕಾಣುತ್ತದೆ, ಒಂದೊಂದೂ ಒಂದೊಂದು ವರ್ಷದ್ದು.

ಕೆಲಸದ ದೃಷ್ಟಿಯಿಂದಲೂ ತಪ್ಪೇ. ಹೊಲದ ಕಲ್ಲಿನ ಗೋಡೆಯನ್ನು ಬರಿಮೈಯಲ್ಲಿ ಬಿಡಲು ಕಟ್ಟಿದ್ದಲ್ಲ. ಮೈಮೇಲಿನ ಗಾರೆ ತೆಗೆದರೆ ಒಳಗಿನ ಮಣ್ಣು ತೊಳೆದುಹೋಗುತ್ತದೆ. ಆಮೇಲೆ ಸಂದಿಗೆ ಸಿಮೆಂಟ್ ತುಂಬಿದರೆ ನೀರು ಕಲ್ಲಿನ ಅಂಚಿನಲ್ಲೇ ನಿಂತು, ಕಲ್ಲು ಮೆದುವಾಗಿದ್ದರೆ ಕಲ್ಲೇ ಉದುರುತ್ತದೆ. ಪಡುವಣ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುವ ಮೇಯೋದಲ್ಲಂತೂ ಇದು ಬೇಡವೇ ಬೇಡ.

ಅಟ್ಲಾಂಟಿಕ್ ಅಂಚು

ತುಂಬಾ ಒಳ್ಳೆ ಚರ್ಚೆ. ನಾನು ಗಾಲ್ವೇಯಲ್ಲಿದ್ದೇನೆ, ಕಟ್ಟಡದವನಲ್ಲ, ಆದರೆ ಈ ಮನೆಗಳ ಹಿಂದೆ ಬಿದ್ದು ಬಹಳ ಊರು ತಿರುಗಿದ್ದೇನೆ. ಮನೆಯ ಆಕಾರದ ಬಗ್ಗೆ ಹೇಳುತ್ತೇನೆ.

ನಿಮ್ಮ ಮೂರು ಕೋಣೆ ಸಾಲಾಗಿರುವುದು ಆಕಸ್ಮಿಕ ಅಲ್ಲ. ಈ ಮನೆಗಳು ಯಾವಾಗಲೂ ಒಂದು ಕೋಣೆಯಷ್ಟೇ ಆಳ. ಮುಂದಿನ ಗೋಡೆಯಿಂದ ಹಿಂದಿನ ಗೋಡೆವರೆಗೆ ಒಂದೇ ಕೋಣೆ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬೇಕು, ಪಡಸಾಲೆ ಇಲ್ಲ. ಕಾರಣ ಮರ. 1700ರ ಹೊತ್ತಿಗೆ ಐರ್ಲೆಂಡಿನ ಕಾಡು ಬಹುಪಾಲು ಖಾಲಿಯಾಗಿತ್ತು. ಉದ್ದನೆಯ ತೊಲೆ ಬಡ ರೈತನಿಗೆ ಸಿಗುವ ಮಾತೇ ಇಲ್ಲ. ಸಿಕ್ಕಿದ ಚಿಕ್ಕ ಮರದಲ್ಲಿ ಹನ್ನೆರಡು ಹದಿನೈದು ಅಡಿ ಅಗಲ ದಾಟಿಸಬಹುದು, ಅಷ್ಟೇ. ಹಾಗಾಗಿ ಕುಟುಂಬ ಬೆಳೆದರೆ ಮನೆ ಉದ್ದಕ್ಕೆ ಬೆಳೆಯುತ್ತಿತ್ತು, ಕೈಯಲ್ಲಿ ದುಡ್ಡು ಆಡಿದರೆ ಮೇಲಕ್ಕೂ ಏರುತ್ತಿತ್ತು. ಹಿಂದಕ್ಕೆ ಮಾತ್ರ ಚಾಚುತ್ತಿರಲಿಲ್ಲ.

ಮರ ಎಲ್ಲಿಂದ ತರುತ್ತಿದ್ದರು ಗೊತ್ತಾ? ಎಷ್ಟೋ ಕಡೆ ನೆಲದೊಳಗಿನಿಂದ! ಇಲ್ಲಿನ ಜೌಗು ನೆಲದಲ್ಲಿ ಸಾವಿರಾರು ವರ್ಷ ಹಿಂದೆ ಮುಳುಗಿದ ಓಕ್, ಪೈನ್ ಮರಗಳು ಕೊಳೆಯದೆ ಹಾಗೇ ಉಳಿದಿವೆ. ಉರುವಲಿಗೆ ಪೀಟ್ (ಜೌಗಿನಲ್ಲಿ ಗಿಡಗಂಟೆ ಅರೆಕೊಳೆತು ಆದ, ಒಣಗಿಸಿ ಉರಿಸುವ ಮಣ್ಣು) ಕಡಿಯುವಾಗ ಸಿಕ್ಕಿದ ಮರವನ್ನು ಎಳೆದು ತಂದು, ಸೀಳಿ, ಮಾಡಿಗೆ (ಚಾವಣಿಗೆ) ಹಾಕುತ್ತಿದ್ದರು. ಪೈನ್ ಮರದ ನಾರನ್ನು ಹೊಸೆದು ಹಗ್ಗ ಕೂಡ ಮಾಡುತ್ತಿದ್ದರು.

ಇನ್ನೊಂದು ವಿಷಯ, ಬಾಗಿಲು ಎಲ್ಲಿದೆ ನೋಡಿ. ಪಶ್ಚಿಮ ಮತ್ತು ಉತ್ತರದ ಕಡೆ ಬಾಗಿಲು ತೆರೆದರೆ ನೇರ ಅಡುಗೆಮನೆ, ಒಲೆ ಆ ಕೋಣೆಯ ಇನ್ನೊಂದು ತುದಿಯಲ್ಲಿ. ಪೂರ್ವ ಮತ್ತು ಆಗ್ನೇಯದ ಕಡೆ ಹಾಗಲ್ಲ. ಅಲ್ಲಿ ಬಾಗಿಲ ಪಕ್ಕದಲ್ಲೇ ಒಲೆ, ನಡುವೆ ಒಂದು ಚಿಕ್ಕ ಅಡ್ಡಗೋಡೆ. ಆ ಅಡ್ಡಗೋಡೆಯಲ್ಲಿ ಅಂಗೈಯಗಲದ ಒಂದು ಕಿಂಡಿ, ಒಲೆ ಮುಂದೆ ಕೂತವರು ಎದ್ದೇಳದೆ ಬಾಗಿಲಿಗೆ ಯಾರು ಬಂದರು ನೋಡಬಹುದು. ಮಾಡಿನ ಆಕಾರವೂ ಸುಮಾರಾಗಿ ಹೀಗೇ ಬೇರೆಯಾಗುತ್ತದೆ. ಪಶ್ಚಿಮ, ಉತ್ತರದಲ್ಲಿ ಎರಡು ತುದಿಯ ಗೋಡೆ ತ್ರಿಕೋನವಾಗಿ ಮೇಲೇರುತ್ತದೆ, ದಕ್ಷಿಣ, ಪೂರ್ವದಲ್ಲಿ ಮಾಡು ನಾಲ್ಕೂ ಕಡೆ ಇಳಿಯುತ್ತದೆ. ವೆಕ್ಸ್‌ಫರ್ಡ್ ಕಡೆ ಹೋದರೆ ಗೋಡೆಯೇ ಕಲ್ಲಿನದಲ್ಲ, ಹುಲ್ಲು ಬೆರೆಸಿ ತುಳಿದ ಮಣ್ಣಿನದು, ಈಗಲೂ ಗಟ್ಟಿಯಾಗಿ ನಿಂತಿವೆ.

ನಿಮ್ಮ ಮನೆಯಲ್ಲಿ ಒಲೆ ಪಕ್ಕದ ಹಿಂಗೋಡೆ ಸ್ವಲ್ಪ ಹೊರಕ್ಕೆ ಉಬ್ಬಿದೆಯಾ ನೋಡಿ. ಡೊನೆಗಾಲ್‌ನಿಂದ ಮೇಯೋ, ಗಾಲ್ವೇವರೆಗೆ ಕಾಣುವ ಏರ್ಪಾಡು ಅದು. ಒಂದು ಮಂಚ ಹಿಡಿಯುವಷ್ಟು ಗೋಡೆಯನ್ನು ಹೊರಗೆ ತಳ್ಳಿ ಕಟ್ಟಿರುತ್ತಾರೆ, ಪರದೆ ಎಳೆದರೆ ಬೆಚ್ಚಗಿನ ಹಾಸಿಗೆ. ಮನೆಯ ವಯಸ್ಸಾದವರ ಜಾಗ. 1935ರಲ್ಲಿ ಸ್ವೀಡನ್ನಿನಿಂದ ಬಂದ ಓಕೆ ಕ್ಯಾಂಬೆಲ್ ಎಂಬ ವಿದ್ವಾಂಸರು ಇಂಥ ಮನೆಗಳನ್ನು ಅಳೆದು ನಕ್ಷೆ ಬರೆದರು. ಐರಿಷ್ ಜಾನಪದ ಆಯೋಗ ಶುರುವಾದದ್ದೂ ಅದೇ ವರ್ಷ. ಜನ ಬದುಕುತ್ತಿದ್ದ ಮನೆಗಳನ್ನು ಹಾಗೇ ದಾಖಲಿಸಿದ್ದು ಆಗಲೇ, ಇಲ್ಲದಿದ್ದರೆ ನಮಗೆ ಈಗ ಅರ್ಧ ವಿಷಯವೂ ತಿಳಿಯುತ್ತಿರಲಿಲ್ಲ.

ಹಳೇ ಮೈಸೂರು

ಮೈಸೂರಿನಿಂದ ಓದುತ್ತಿದ್ದೇನೆ. ದನ ಮತ್ತು ಜನ ಒಂದೇ ಸೂರಿನಡಿ ಇದ್ದರು ಅಂತ ಕೇಳಿದ್ದೆ, ನಿಜವಾ? ಅಥವಾ ಇಂಗ್ಲಿಷರು ಐರಿಷ್ ಜನರನ್ನು ಹೀಯಾಳಿಸಲು ಹೇಳಿದ್ದಾ?

ಅಟ್ಲಾಂಟಿಕ್ ಅಂಚು

ನಿಜ, ಹೀಯಾಳಿಸಿದ್ದೂ ನಿಜ. ಮನೆಯನ್ನು ಸ್ವಲ್ಪ ಇಳಿಜಾರಿನಲ್ಲಿ ಕಟ್ಟುತ್ತಿದ್ದರು. ಮೇಲಿನ ತುದಿಯಲ್ಲಿ ಒಲೆ ಮತ್ತು ಜನ, ಕೆಳ ತುದಿಯಲ್ಲಿ ಹಸುಗಳು. ನಡುವೆ ಎದುರುಬದುರಾಗಿ ಎರಡು ಬಾಗಿಲು, ಗಾಳಿ ಯಾವ ಕಡೆಯಿಂದ ಬೀಸುತ್ತದೋ ಅದನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದು. ಗಂಜಲ ಹರಿದು ಹೋಗಲು ನೆಲದಲ್ಲಿ ಚರಂಡಿ. ಹಸು ಅಂದರೆ ಮನೆಯ ಆಸ್ತಿ, ಚಳಿಗಾಲದಲ್ಲಿ ಅದು ಬೆಚ್ಚಗಿದ್ದರೆ ಹಾಲು ಬರುತ್ತದೆ, ಅದರ ಮೈಬಿಸಿ ಮನೆಗೂ ಬರುತ್ತದೆ. ಇದರಲ್ಲಿ ನಾಚಿಕೆಯ ಮಾತೇನಿದೆ!

ಅಚಿಲ್ ದ್ವೀಪದ ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಜನ ಬಿಟ್ಟುಹೋದ ಊರೊಂದಿದೆ, ಮೇಯೋದವರಿಗೆ ಹತ್ತಿರ. ಎಂಬತ್ತರಿಂದ ನೂರು ಕಲ್ಲುಮನೆಗಳ ಗೋಡೆ ಸಾಲಾಗಿ ನಿಂತಿವೆ, ಮಾಡು ಒಂದಕ್ಕೂ ಇಲ್ಲ. ಕೆಲವು ಮನೆಗಳ ಕೆಳ ತುದಿಯಲ್ಲಿ ಬಗ್ಗಿ ನೋಡಿದರೆ ಚರಂಡಿ ಕಾಣುತ್ತದೆ, ಗೋಡೆಯಲ್ಲಿ ಹಸು ಕಟ್ಟುತ್ತಿದ್ದ ಕಲ್ಲು ಕೂಡ.

ಡೊನೆಗಾಲ್ ನರ್ಸ್

ಎಲ್ಲ ಓದಿದೆ, ಒಂದು ವಿಷಯ ಹೇಳಲೇಬೇಕು ಅನ್ನಿಸಿತು. ಈ ಮನೆಗಳನ್ನು ಪೋಸ್ಟ್‌ಕಾರ್ಡ್ ಮೇಲೆ ನೋಡಿ ಎಲ್ಲರೂ ಹೀಗೇ ಇದ್ದರು ಅಂದುಕೊಳ್ಳಬೇಡಿ. ಈಗ ಉಳಿದಿರುವುದು ಸ್ವಲ್ಪ ನೆಲ ಇದ್ದವರ ಮನೆಗಳು. 1841ರ ಜನಗಣತಿಯಲ್ಲಿ ಮನೆಗಳನ್ನು ನಾಲ್ಕು ದರ್ಜೆ ಮಾಡಿದ್ದರು. ನಾಲ್ಕನೆಯದು ಒಂದೇ ಕೋಣೆಯ ಮಣ್ಣಿನ ಗುಡಿಸಲು, ಅಂಥವು ಸುಮಾರು 4.9 ಲಕ್ಷ ಇದ್ದವು. ಹತ್ತು ವರ್ಷದ ನಂತರ, 1851ರಲ್ಲಿ, ಉಳಿದದ್ದು ಸುಮಾರು 1.35 ಲಕ್ಷ. ಮಧ್ಯದಲ್ಲಿ ಬಂದದ್ದು ಆಲೂಗಡ್ಡೆ ಬರಗಾಲ. ಅಲ್ಲಿದ್ದವರು ಸತ್ತರು, ಇಲ್ಲವೇ ಹಡಗು ಹತ್ತಿದರು, ಇಲ್ಲವೇ ಬಾಡಿಗೆ ಕೊಡಲಾಗದೆ ಜಮೀನ್ದಾರ ಹೊರಹಾಕಿದ. ಅವರು ಮತ್ತೆ ಬರಬಾರದು ಅಂತ ಮನೆಯ ಮಾಡನ್ನೇ ಕಿತ್ತುಹಾಕುತ್ತಿದ್ದರು. ಮಣ್ಣಿನ ಗೋಡೆಗೆ ಮಾಡು ಇಲ್ಲದಿದ್ದರೆ ಮಳೆಗೆ ಕರಗಿಹೋಗುತ್ತದೆ, ಗುರುತೂ ಉಳಿಯುವುದಿಲ್ಲ. ಲಕ್ಷಾಂತರ ಜನ ಬದುಕಿದ್ದ ಮನೆಯೇ ಇವತ್ತು ನೋಡಲು ಸಿಗುವುದಿಲ್ಲ, ಅದು ನನಗೆ ತುಂಬಾ ನೋವು ಕೊಡುತ್ತದೆ.

ನಾನು ವಯಸ್ಸಾದವರ ಆರೈಕೆಯಲ್ಲಿ ಕೆಲಸ ಮಾಡುತ್ತೇನೆ, ಇಂಥ ಮನೆಯಲ್ಲೇ ಹುಟ್ಟಿ ಬೆಳೆದವರು ಬಹಳ ಜನ ಸಿಗುತ್ತಾರೆ. ಅವರೆಲ್ಲರ ಮಾತು ಒಲೆಯಿಂದಲೇ ಶುರು. ರಾತ್ರಿ ಮಲಗುವ ಮುಂಚೆ ಕೆಂಡವನ್ನು ಒಟ್ಟು ಮಾಡಿ ಬೂದಿ ಮುಚ್ಚುವುದು, ಮೇಲೊಂದು ಪ್ರಾರ್ಥನೆ ಹೇಳುವುದು, ಬೆಳಿಗ್ಗೆ ಬೂದಿ ಸರಿಸಿ ಪೀಟ್ ತುಂಡು ನಿಲ್ಲಿಸಿದರೆ ಮತ್ತೆ ಬೆಂಕಿ. ಒಲೆ ಆರಲು ಬಿಡುತ್ತಿರಲಿಲ್ಲ. ಒಲೆ ಮೇಲೆ ತಿರುಗುವ ಕಬ್ಬಿಣದ ತೋಳು, ಅದರಿಂದ ಇಳಿಬಿಟ್ಟ ಕೊಕ್ಕೆಗೆ ಪಾತ್ರೆ ನೇತುಹಾಕಿ, ಉರಿ ಜಾಸ್ತಿ ಬೇಕಾದರೆ ಕೆಳಗೆ, ಕಡಿಮೆ ಬೇಕಾದರೆ ಮೇಲೆ. ಹಗಲು ಹೊತ್ತು ಬಾಗಿಲಿನ ಕೆಳಗಿನ ಅರ್ಧ ಮಾತ್ರ ಮುಚ್ಚಿರುತ್ತಿತ್ತು, ಕೋಳಿ ಒಳಗೆ ಬರಬಾರದು, ಮಗು ಹೊರಗೆ ಹೋಗಬಾರದು, ಬೆಳಕು ಬರಬೇಕು. ಕ್ಲೇರ್ ಕಡೆ ಮಗನ ಮದುವೆಯಾದ ಮೇಲೆ ಅಪ್ಪ ಅಮ್ಮ ಒಲೆಯ ಹಿಂದಿನ ಪಡುವಣ ಕೋಣೆಗೆ ಹೋಗುವುದು ವಾಡಿಕೆ. ಅಡುಗೆಮನೆ ಸೊಸೆಯದಾಗುತ್ತಿತ್ತು, ಒಲೆಯ ಬಿಸಿ ಗೋಡೆಯಾಚೆ ಹಿರಿಯರಿಗೂ ಸಿಗುತ್ತಿತ್ತು.

ಮೇಯೋ ಮಳೆ

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಟಾರ್ಚ್ ಹಿಡಿದು ಮತ್ತೆ ಹೋಗಿದ್ದೆವು. ಒಳಗಿನ ಹಲಗೆ ಚಾವಣಿಯ ಒಂದು ಮೂಲೆ ಬಿಚ್ಚಿಕೊಂಡಿತ್ತು, ಅಲ್ಲಿಂದ ಇಣುಕಿದರೆ ತಗಡಿನ ಕೆಳಗೆ ಕಪ್ಪಗೆ ಏನೋ ಒತ್ತಾಗಿದೆ. ಕೈ ಹಾಕಿದರೆ ಹುಲ್ಲು, ಅದರ ಕೆಳಗೆ ಬೇರು ಸಮೇತ ಒಣಗಿದ ಮಣ್ಣಿನ ಹೆಂಟೆ, ಅದರ ಕೆಳಗೆ ವಕ್ರವಕ್ರ ಮರ. ಮುಂದಿನ ಗೋಡೆಯಲ್ಲಿ ಸೂರಿನ ಕೆಳಗೆ ಕಲ್ಲಿನ ಗೂಟಗಳು ಸಾಲಾಗಿ ಹೊರಚಾಚಿವೆ. ಒಲೆ ಪಕ್ಕ ಗೋಡೆ ಉಬ್ಬಿದೆ, ಈಗ ಅದು ಕಪಾಟು! ಏನಿದು ಎಲ್ಲ?

ಅಟ್ಲಾಂಟಿಕ್ ಅಂಚು

ಅಯ್ಯೋ, ದಯವಿಟ್ಟು ಅದನ್ನು ಯಾರೂ ಕೆಡವದ ಹಾಗೆ ನೋಡಿಕೊಳ್ಳಿ! ನಿಮ್ಮ ಹಳೇ ಹುಲ್ಲಿನ ಮಾಡು ತಗಡಿನ ಕೆಳಗೆ ಹಾಗೇ ಇದೆ. ಹುಲ್ಲು ಹೊದಿಸುವವರು ಸಿಗದೆ ಹೋದಾಗ, ಖರ್ಚು ತಾಳದೆ ಹೋದಾಗ, ಎಷ್ಟೋ ಜನ ಹುಲ್ಲಿನ ಮೇಲೇ ತಗಡು ಹೊಡೆದುಬಿಟ್ಟರು.

ಮಾಡು ಹೀಗೆ ಕಟ್ಟುತ್ತಿದ್ದರು. ಮೊದಲು ಎರಡೆರಡು ಮರ ತುದಿಗೆ ತುದಿ ಜೋಡಿಸಿ, ನಡುವೆ ಅಡ್ಡಪಟ್ಟಿ ಕೊಟ್ಟು ಗೋಡೆ ಮೇಲೆ ನಿಲ್ಲಿಸುವುದು. ಅವುಗಳ ಮೇಲೆ ಉದ್ದಕ್ಕೆ ಜಂತೆ, ಅದರ ಮೇಲೆ ಒತ್ತಾಗಿ ಸಣ್ಣ ಕೊಂಬೆ. ಆಮೇಲೆ ಬಯಲಿನಿಂದ ಹುಲ್ಲಿನ ಬೇರು ಸಮೇತ ಮಣ್ಣನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ, ಚಾಪೆ ಥರ ಸುತ್ತಿ ಹೊತ್ತು ತಂದು, ಮಾಡಿನ ಮೇಲೆ ಬಿಡಿಸಿ ಹಗ್ಗದಿಂದ ಮರಕ್ಕೆ ಹೊಲಿಯುವುದು. ನಿಮ್ಮ ಹೆಂಟೆ ಅದೇ. ಮನೆ ಬೆಚ್ಚಗಿರಲು ಅದೇ ಕಾರಣ, ಹುಲ್ಲನ್ನು ಹಿಡಿದುಕೊಳ್ಳುವುದೂ ಅದೇ. ಒಳನಾಡಿನಲ್ಲಿ ಹೇಝೆಲ್ ಅಥವಾ ವಿಲೋ ಕಡ್ಡಿಯನ್ನು ಎರಡೂ ತುದಿ ಚೂಪು ಮಾಡಿ, ನಡುವೆ ತಿರುಚಿ ಬಗ್ಗಿಸಿ, ಹುಲ್ಲಿನ ಕಂತೆಯ ಮೂಲಕ ಆ ಹೆಂಟೆಗೆ ಚುಚ್ಚುತ್ತಾರೆ. ಸೂರಿನಿಂದ ಶುರು ಮಾಡಿ ಏಣಿ ಸರಿಸುತ್ತಾ ಮೇಲಕ್ಕೆ. ಸಮುದ್ರದ ಕಡೆ ಕಡ್ಡಿ ಸಾಲದು, ಗಾಳಿ ಕಿತ್ತುಕೊಂಡು ಹೋಗುತ್ತದೆ. ಅದಕ್ಕೇ ಇಡೀ ಮಾಡಿನ ಮೇಲೆ ಹಗ್ಗದ ಬಲೆ ಹಾಕಿ ಗೋಡೆಯ ಕಲ್ಲುಗೂಟಕ್ಕೆ ಬಿಗಿಯುತ್ತಿದ್ದರು, ಇಲ್ಲವೇ ಹಗ್ಗದ ತುದಿಗೆ ಕಲ್ಲು ತೂಗುಬಿಡುತ್ತಿದ್ದರು. ನೀವು ನೋಡಿದ ಗೂಟ ಅದರದೇ.

ಹುಲ್ಲು ಆಯಾ ಊರಿನ ಬೆಳೆ. ಓಟ್ಸ್, ರೈ, ಗೋಧಿ, ಡೊನೆಗಾಲ್ ಕಡೆ ಅಗಸೆನಾರಿನ ಗಿಡ, ಮರಳು ದಿಬ್ಬಗಳ ಹತ್ತಿರ ಅಲ್ಲಿ ಬೆಳೆಯುವ ಒರಟು ಹುಲ್ಲು. ಈಗ ಕಷ್ಟ ಏನೆಂದರೆ ಕಂಬೈನ್ ಹಾರ್ವೆಸ್ಟರ್ ಹುಲ್ಲನ್ನು ಪುಡಿ ಮಾಡುತ್ತದೆ, ಗೊಬ್ಬರ ಜಾಸ್ತಿಯಾಗಿ ಕಾಂಡವೂ ಮೆದು. ಹಳೇ ಕಾಲದ ಗಟ್ಟಿ ಹುಲ್ಲು ಬೇಕಾದರೆ ಅದಕ್ಕೆಂದೇ ಬೆಳೆಯಬೇಕು.

ಕಾರ್ಕ್ ಕನ್ನಡಿಗ

ಇಷ್ಟೆಲ್ಲ ಕೆಲಸಕ್ಕೆ ಕೂಲಿ ಯಾರು ಕೊಡುತ್ತಿದ್ದರು?

ಡೊನೆಗಾಲ್ ನರ್ಸ್

ಕಲ್ಲು ಕಟ್ಟುವವನಿಗೆ, ಹುಲ್ಲು ಹೊದಿಸುವವನಿಗೆ ಮಾತ್ರ ಕೂಲಿ, ಎಷ್ಟೋ ಕಡೆ ಅದೂ ಇಲ್ಲ. ಉಳಿದದ್ದೆಲ್ಲ ಮುಯ್ಯಾಳು. ಇವತ್ತು ನಿನ್ನ ಮನೆಗೆ ನಾನು ಕಲ್ಲು ಹೊತ್ತರೆ, ನಾಳೆ ನನ್ನ ಪೀಟ್ ಕಡಿಯಲು ನೀನು. ಜಾಗ ಆರಿಸುವುದಕ್ಕೂ ಊರಿನವರ ಮಾತು ಬೇಕಿತ್ತು. ನಾಲ್ಕು ಮೂಲೆಗೆ ಗೂಟ ನೆಟ್ಟು ಒಂದು ರಾತ್ರಿ ಬಿಡುವುದು, ಬೆಳಿಗ್ಗೆ ಗೂಟ ಕಿತ್ತಿದ್ದರೆ ಅದು ಮಾಯೆಯ ಜನ (ಫೇರಿಗಳು) ಓಡಾಡುವ ದಾರಿ, ಬೇರೆ ಜಾಗ ನೋಡಬೇಕು. ಮಣ್ಣು ನೆಲ ಗಟ್ಟಿಯಾಗಲಿ ಅಂತ ನೆರೆಯವರನ್ನು ಕರೆದು ಕುಣಿಸುತ್ತಿದ್ದರಂತೆ. ಒಲೆ ಮುಂದಿನ ಚಪ್ಪಡಿ ಕೆಳಗೆ ಕುದುರೆ ತಲೆಬುರುಡೆ ಹೂಳಿದ ಮನೆಗಳೂ ಇವೆ, ಕುಣಿದಾಗ ಹೆಜ್ಜೆ ಸದ್ದು ಚೆನ್ನಾಗಿ ಕೇಳಲಿ ಅಂತ.

ಮೇಯೋ ಮಳೆ

ಓದುತ್ತಾ ಮೈ ಜುಮ್ಮೆಂದಿತು. ನಿರ್ಧಾರ ಮಾಡಿದೆವು, ಕೆಡವುವ ಮಾತೇ ಇಲ್ಲ. ಈಗ ಹೇಳಿ, ಮೊದಲು ಯಾವ ಕೆಲಸ? ತಗಡು ತೆಗೆದು ಹುಲ್ಲು ಹೊದಿಸಬೇಕಾ?

ಸುಣ್ಣದ ಕೈ

ತಗಡು ಸೋರದಿದ್ದರೆ ಸದ್ಯಕ್ಕೆ ಮುಟ್ಟಬೇಡಿ. ಆ ಕೆಂಪು ತಗಡೂ ಈಗ ಮನೆಯ ಕಥೆಯ ಭಾಗ, ಕೆಳಗಿನದನ್ನು ಇಷ್ಟು ವರ್ಷ ಕಾಪಾಡಿದ್ದೂ ಅದೇ. ಹುಲ್ಲಿನ ಮನೆಗೆ ವಿಮೆ ಸಿಗುವುದು ಈ ದೇಶದಲ್ಲಿ ದೊಡ್ಡ ತಲೆನೋವು, ಹುಲ್ಲು ಹೊದಿಸುವ ಯೋಚನೆ ಇದ್ದರೆ ಮೊದಲು ವಿಮೆಯವರನ್ನು ವಿಚಾರಿಸಿ. ಮಾಡಿನಲ್ಲಿ ಬಾವಲಿ ಇದೆಯಾ ನೋಡಿಸಿ, ಕಾನೂನು ಅವಕ್ಕೆ ರಕ್ಷಣೆ ಕೊಟ್ಟಿದೆ, ಗೊತ್ತಿಲ್ಲದೆ ಕೆಲಸ ಶುರು ಮಾಡಿದರೆ ತೊಂದರೆ.

ಮೊದಲ ಕೆಲಸ ನೀರಿನದು. ವರ್ಷಗಟ್ಟಲೆ ಮಣ್ಣು, ಕಸ ಸೇರಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರ ಆಗಿರುತ್ತದೆ. ಗೋಡೆ ಸುತ್ತ ಅದನ್ನು ಇಳಿಸಿ, ಆದರೆ ಜೋಪಾನ, ಬುಡದ ಗುಂಡುಗಳ ಕೆಳಕ್ಕೆ ಅಗೆಯಬಾರದು. ಸೂರಿನ ನೀರು ಗೋಡೆಯಿಂದ ದೂರ ಹರಿಯಬೇಕು. ಮುಚ್ಚಿದ ಚಿಮಣಿ ತೆರೆಸಿ, ಸ್ವಚ್ಛ ಮಾಡಿಸಿ. ಆಮೇಲೆ ಹೊರಗಿನ ಸಿಮೆಂಟನ್ನು ಒಂದು ಮೂಲೆಯಲ್ಲಿ ಕೈ ಉಳಿಯಿಂದ ಎಬ್ಬಿಸಿ ನೋಡಿ, ಮಷಿನ್ ಬೇಡ. ಸಲೀಸಾಗಿ ಬಂದರೆ ಪೂರ್ತಿ ತೆಗೆದು, ಗೋಡೆಗೆ ಒಂದು ಬೇಸಿಗೆ ಆರಲು ಬಿಟ್ಟು, ಸುಣ್ಣದ ಗಾರೆ ಹಾಕಿಸಿ ಸುಣ್ಣ ಬಳಿಯಿರಿ. ಕಲ್ಲಿಗೇ ಕಚ್ಚಿಕೊಂಡಿದ್ದರೆ ಬಲವಂತ ಮಾಡಬೇಡಿ, ತಿಳಿದವರನ್ನು ಕರೆಸಿ. ಚಳಿಗಾಲದಲ್ಲಿ ಸುಣ್ಣದ ಕೆಲಸ ಬೇಡವೇ ಬೇಡ, ಹಿಮ ಬಿದ್ದರೆ ಗಾರೆ ಹಿಡಿಯುವುದಿಲ್ಲ. ಒಳಗೆ ಬೆಚ್ಚಗೆ ಬೇಕಾದರೆ ಫೋಮ್ ಬದಲು ಸುಣ್ಣದ ಜೊತೆ ಹೆಂಪ್ ಗಿಡದ ಕಾಂಡದ ಒಳಗಿನ ಮರದಂಥ ಚೂರು ಅಥವಾ ಕಾರ್ಕ್ (ಬೆಂಡು) ಬೆರೆಸಿದ ಪ್ಲಾಸ್ಟರ್ ಇದೆ.

ದುಡ್ಡಿನ ವಿಷಯ: ಎರಡು ವರ್ಷಕ್ಕಿಂತ ಹೆಚ್ಚು ಖಾಲಿ ಇದ್ದ ಮನೆಗೆ ಸರ್ಕಾರ 50,000 ಯೂರೋವರೆಗೆ, ಪಾಳುಬಿದ್ದದ್ದಾದರೆ 70,000 ಯೂರೋವರೆಗೆ ಸಹಾಯಧನ ಕೊಡುವ ಯೋಜನೆ ಇದೆ, ಅರ್ಜಿ ಕೌಂಟಿ ಕೌನ್ಸಿಲ್‌ಗೆ. ಮಂಜೂರಾಗುವ ಮುಂಚೆ ಕೆಲಸ ಶುರು ಮಾಡಬೇಡಿ. ಷರತ್ತುಗಳು ಆಗಾಗ ಬದಲಾಗುತ್ತವೆ, ಈಗಿನದನ್ನು ಕೌನ್ಸಿಲ್‌ನಲ್ಲೇ ಕೇಳಿ. ಹಾಗೇ ಅಲ್ಲಿನ ಹೆರಿಟೇಜ್ ಆಫೀಸರ್‌ಗೆ ಆ ಹುಲ್ಲು, ಹೆಂಟೆಯ ಫೋಟೋ ಕಳಿಸಿ.

ಅಟ್ಲಾಂಟಿಕ್ ಅಂಚು

ಕ್ಯಾಸಲ್‌ಬಾರ್‌ನಲ್ಲೇ ಇದ್ದೀರಿ, ಟರ್ಲೋ ಪಾರ್ಕ್‌ನ ಹಳ್ಳಿ ಬದುಕಿನ ಮ್ಯೂಸಿಯಂ ಪಕ್ಕದಲ್ಲೇ ಇದೆ, ಪ್ರವೇಶ ಉಚಿತ. ಒಲೆಯ ಸಾಮಾನು, ಪೀಟ್ ಕಡಿಯುವ ಗುದ್ದಲಿ, ಹುಲ್ಲಿನ ಹಗ್ಗ, ಎಲ್ಲ ಹತ್ತಿರದಿಂದ ನೋಡಬಹುದು. ಆ ಕಪಾಟನ್ನು ಕಿತ್ತು ಮತ್ತೆ ಮಂಚದ ಜಾಗ ಮಾಡುತ್ತೀರಾ?

ಮೇಯೋ ಮಳೆ

ಖಂಡಿತ ಮಾಡುತ್ತೇವೆ. ಅಮ್ಮ ಬೇಸಿಗೆಗೆ ಬರುತ್ತೇನೆ ಅಂದಿದ್ದಾರೆ, ಒಲೆ ಪಕ್ಕದ ಜಾಗ ಅವರಿಗೇ. ಕೌನ್ಸಿಲ್‌ಗೆ ಸೋಮವಾರ ಹೋಗುತ್ತೇನೆ, ಏನು ಹೇಳಿದರು ಅಂತ ಇಲ್ಲೇ ಬರೆಯುತ್ತೇನೆ. ಸುಣ್ಣದ ಕೈ ಅವರೇ, ಮೇಯೋ ಕಡೆ ಸುಣ್ಣದ ಗಾರೆ ಕೆಲಸ ಬಲ್ಲ ಮೇಸ್ತ್ರಿ ಯಾರಾದರೂ ಗೊತ್ತಿದ್ದರೆ ಖಾಸಗಿಯಾಗಿ ಮೆಸೇಜ್ ಮಾಡಿ.